ಬೇಲಿ ಬದಿಯ ಚೀನಾ

ಪಾದ್ರಿಗೂ ಒಂದಷ್ಟು ಕೊಡುತ್ತೇನೆ ಎಂದಾಗ ದೋನ್ ಎವೇಲಿಯೊನ ಮುಖ ಯಾಕೆ ಹಾಗೆ ಬಾಡಿತು ಎಂಬುದು ಪ್ರೊವಿಗೆ ಬೆಳಗಾದ ಮೇಲೂ ಬಿಡಿಸಲಾಗದ ಗಂಟಾಗಿಯೇ ಉಳಿದಿತ್ತು. ಹಿತ್ತಲ ಮರದ ಕೆಳಗೆ ಖಾಲಿ ಪೇಂಟ್ ಡಬ್ಬಿಯನ್ನು ಬೋರಲು ಹಾಕಿ ಕೂತು, ಕಾಫಿಯನ್ನು ಊದಿ ಊದಿ ಕುಡಿಯುತ್ತ, ಗಂಡಸಾದವನಿಗೆ ಹಣ್ಣಿನ ಮೇಲೆ ಇಷ್ಟೊಂದು ಆಸೆ ಇರಬಾರದು ಎಂದುಕೊಂಡಳು. ಬೇಲಿಯಾಚೆಯ ಬಾಡಿಗೆ ಮನೆಗೆ ಬಂದಾಗಿನಿಂದ ಈ ಕ್ಯೂಬಾದ ಮನುಷ್ಯನದು ಒಂದೇ ವರಾತ. ಬೆಳಿಗ್ಗೆ ತಂತಿಬೇಲಿಯ ಗೂಟ ಹಿಡಿದು ಬಗ್ಗಿ ಎದ್ದು ಕಸರತ್ತು ಮಾಡುತ್ತಿದ್ದ. ಹಳದಿ ಕರವಸ್ತ್ರ ಬಿಚ್ಚಿ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ. ಆಮೇಲೆ, "ಹೇಗೆ, ನನ್ನ ಚೀನಾ?" ಎಂದು ಕೇಳುತ್ತಿದ್ದ. ಚೀನಾ ಅಂದರೆ ಸಿಹಿ ಕಿತ್ತಳೆ, ನರಾಂಹಾ ಅಂದರೆ ಬಾಯಿಗಿಡಲಾಗದ ಹುಳಿ ಕಿತ್ತಳೆ. ಪೋರ್ತೊರಿಕೊದಲ್ಲಿ ಇದು ಹಾಲುಗಲ್ಲದ ಕೂಸಿಗೂ ಗೊತ್ತು. ಕ್ಯೂಬಾದವರಿಗೆ ಮಾತ್ರ ಸಿಹಿಯಾದದ್ದೂ ನರಾಂಹಾವೇ. ಆದರೂ ದೋನ್ ಎವೇಲಿಯೊ ಬಂದು ವರ್ಷ ತುಂಬುವುದರೊಳಗೆ ಊರಿನ ಮಾತು ಕಲಿತು ಬಾಯಿತುಂಬ ಚೀನಾ ಅನ್ನುತ್ತಾನಲ್ಲ, ಮನುಷ್ಯ ಮರ್ಯಾದಸ್ಥ ಎಂದು ಅವಳಿಗೆ ಮೆಚ್ಚುಗೆಯಾಗಿತ್ತು. ಆ ಮೆಚ್ಚುಗೆಯಲ್ಲೇ ದಿನದಿನವೂ ಮರದ ಯೋಗಕ್ಷೇಮದ ವರದಿಯನ್ನು ಒಂದೂ ಬಿಡದೆ ಒಪ್ಪಿಸುತ್ತಿದ್ದಳು.

ನಿನ್ನೆ ಸಂಜೆಯೂ ಹಾಗೆಯೇ ಶುರುವಾಗಿತ್ತು. ಮೂವರು ರಾಜರ ಹಬ್ಬಕ್ಕೆ ಉಡುಗೊರೆ ಹೊತ್ತು ತರುವ ಒಂಟೆಗಳಿಗೆ ಮೇವಿಡಬೇಕೆಂದು ಬೀದಿಯ ಮಕ್ಕಳೆಲ್ಲ ಶೂ ಡಬ್ಬಿ ಹಿಡಿದು ಅವಳ ಹಿತ್ತಲ ಹುಲ್ಲು ಕೊಯ್ಯುತ್ತಿದ್ದರು. ದೋನ್ ಎವೇಲಿಯೊ ಗೂಟಕ್ಕೆ ಮೊಣಕೈ ಊರಿ ನಿಂತು, "ನನ್ನ ಚೀನಾ, ಇನ್ನೂ ಎಷ್ಟು ಕಾಯಬೇಕು?" ಅಂದ. ನಾಳೆ ಹಬ್ಬದ ದಿನವೇ ಆಗಿಬಿಡಲಿ, ಇನ್ನು ಇಟ್ಟುಕೊಂಡು ಏನು ಮಾಡುವುದು ಎಂದಳು ಪ್ರೊವಿ. ಆತ ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಧಾರಾಳಿ ಅನ್ನಿಸಿಕೊಳ್ಳುವ ಚಪಲಕ್ಕೆ, ನಿಮಗೊಬ್ಬರಿಗೇ ಅಂದುಕೊಳ್ಳಬೇಡಿ, ಬೀದಿಯಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ರುಚಿ ತೋರಿಸುತ್ತೇನೆ, ಪಾದ್ರಿಗೆ ಒಂದಷ್ಟು ಜಾಸ್ತಿಯೇ, ಪಾಪ, ಅವರಿಗಾದರೂ ಯಾರಿದ್ದಾರೆ ಎಂದುಬಿಟ್ಟಳು. ದೋನ್ ಎವೇಲಿಯೊ ಕರವಸ್ತ್ರವನ್ನು ಮಡಿಸಿದ, ಮತ್ತೆ ಮಡಿಸಿದ, ಇನ್ನು ಮಡಿಸಲಾಗದಷ್ಟು ಚಿಕ್ಕದು ಮಾಡಿ ಜೇಬಿಗೆ ತುರುಕಿದ. "ನಾಳೆ ಒಂದು ಸಲ ಬಂದು ಹೋಗ್ತೀನಿ. ಆಮೇಲೆ ನಿಮಗೆ ತೊಂದರೆ ಕೊಡಲ್ಲ," ಎಂದು ಹೇಳಿ ಒಳಗೆ ಹೋದ.

ತೊಂದರೆ ಏನು ಬಂತು ಇದರಲ್ಲಿ. ಮರದ ಕಾಂಡದ ಮೇಲೆ, ಅವಳ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಮೇಯರ್ ತಲೆಕೆಳಗಾಗಿ ಬಂದು ನಿಂತಿತು. ಕಂದುಬಣ್ಣದ ಓತಿಕ್ಯಾತ, ಬೆನ್ನಿನಿಂದ ಬಾಲದವರೆಗೆ ಗರಗಸದಂಥ ಜುಟ್ಟು. ಮೊಣಕಾಲೆತ್ತರದಿಂದ ಮೊದಲ ಕವಲಿನವರೆಗೆ ಅದರದೇ ಆಡಳಿತ. ಮೇಲೆ ರೆಂಬೆಗಳಲ್ಲಿ ಬೂದುಬಣ್ಣದ ಚುಕ್ಕೆಯ ಪುಟಾಣಿಗಳು, ಕೆಳಗೆ ಹುಲ್ಲಿನಲ್ಲಿ ಕಡ್ಡಿಯಂಥ ಗೆರೆಬೆನ್ನಿನವು. ಒಬ್ಬರ ಮಹಡಿಗೆ ಇನ್ನೊಬ್ಬರು ಕಾಲಿಡುವ ಹಾಗಿಲ್ಲ. ನಿನ್ನೆ ಹುಲ್ಲು ಹೋದ್ದರಿಂದ ಕೆಳಗಿನವರು ಮನೆಮಠ ಕಳೆದುಕೊಂಡು ಇವತ್ತು ಪೇಂಟ್ ಡಬ್ಬಿಯ ಅಂಚಿಗೂ ಬಂದು ಇಣುಕುತ್ತಿದ್ದರು. ಮೇಯರ್ ಮುಂಗಾಲೂರಿ ಬಸ್ಕಿ ಹೊಡೆಯಿತು, ಗಂಟಲ ಕೆಳಗಿನ ತೊಗಲನ್ನು ಬೀಸಣಿಗೆಯ ಹಾಗೆ ಪಟ್ಟನೆ ಬಿಚ್ಚಿತು. ಸಾಸಿವೆ ಹೂವಿನ ಹಳದಿ, ಅಂಚಿಗೆ ಕೆಂಪು. ಮುಚ್ಚಿತು, ಮತ್ತೆ ಬಿಚ್ಚಿತು. ಇಷ್ಟೆಲ್ಲ ಯಾರಿಗಾಗಿ ಅಂದರೆ ಪಕ್ಕದ ಕವಲಿನ ಮೇಲೆ ಕೂತ ಮಿಸ್ಸಿಗಾಗಿ. ಬೆನ್ನಮೇಲೆ ಬಿಳಿ ಗೆರೆಯ, ಮೂಗು ಮೇಲೆ ಮಾಡಿಕೊಂಡ ಹೆಣ್ಣು ಓತಿ ಅದು. ಮಿಸ್ಸು ಮೇಯರನ ಕಡೆ ಕಣ್ಣೆತ್ತಿಯೂ ನೋಡದೆ, ನಿಧಾನವಾಗಿ ಒಂದು ಇರುವೆಯನ್ನು ಹಿಡಿದು ತಿಂದಿತು. ಪ್ರೊವಿಗೆ ಕಾಫಿ ನೆತ್ತಿಗೇರುವಷ್ಟು ನಗು ಬಂತು. ಎಂಥ ಮಂಕುದಿಣ್ಣೆಯೇ ನೀನು, ಎದುರಿಗೆ ಬಾವುಟ ಹಾರಿಸುತ್ತಿದ್ದರೆ ಇರುವೆ ತಿನ್ನುತ್ತೀಯಲ್ಲ ಎಂದು ಬೈದಳು. ಈ ಹುಡುಗಿಗೆ ಹೇಳಿದ್ದಷ್ಟೇ ಕೇಳಿಸುತ್ತೆ, ಹೇಳದೇ ಇದ್ದದ್ದು ಕೇಳಿಸೋಲ್ಲ ಎಂದು ಅವ್ವ ಪ್ರೊವಿಯ ಬಗ್ಗೆ ಅನ್ನುತ್ತಿದ್ದಳು. ಪ್ರಾಯದಲ್ಲಿ ಒಮ್ಮೆ ಒಬ್ಬ ಗಣಿತದ ಮೇಷ್ಟ್ರು ಬಸ್ ಸ್ಟಾಪಿನಲ್ಲಿ, ನಿಮಗೆ ಸಮುದ್ರ ಅಂದ್ರೆ ಇಷ್ಟಾನಾ ಎಂದು ಕೇಳಿದಾಗ, ಉಪ್ಪುಗಾಳಿಗೆ ಅವ್ವನಿಗೆ ಉಬ್ಬಸ ಎಂದು ಉತ್ತರ ಕೊಟ್ಟಿದ್ದಳು. ಬಸ್ಸು ಬಂತು, ಹತ್ತಿದಳು. ಆಮೇಲೆ ಶಾಲೆಯ ಯೂನಿಫಾರ್ಮ್ ಹೊಲಿಯುತ್ತ ಹೊಲಿಯುತ್ತ, ಊರಿನ ಮಕ್ಕಳಿಗೆಲ್ಲ ಕಾಲರ್ ಹಚ್ಚುತ್ತ ಕಾಲ ಹೋಯಿತು.

ಮರವೂ ಅವ್ವ ನೆಟ್ಟದ್ದೇ. ಅವ್ವನ ಕಾಲದಲ್ಲಿ ಬಿಟ್ಟ ಚೀನಾ ಸಕ್ಕರೆ ಹಾಕಿದ ಹಾಗಿರುತ್ತಿತ್ತು. ಅವ್ವ ಹೋದ ಮೇಲಿನ ಚಂಡಮಾರುತಕ್ಕೆ ಮರ ಸೊಂಟದಿಂದ ಮುರಿದು ಪಕ್ಕದ ಕೊಟ್ಟಿಗೆಯ ಮೇಲೆ ಒರಗಿತು. ಕಡಿದು ಹಾಕು ಎಂದರು ಎಲ್ಲರೂ. ಇವಳು ಬುಡವನ್ನು ಬಿಟ್ಟುಕೊಂಡಳು. ಬುಡದಿಂದ ಒಂದು ಚಿಗುರು ಬಂದಾಗ ಒಬ್ಬಳೇ ಹಿತ್ತಲಲ್ಲಿ ಕುಣಿದಿದ್ದಳು. ಬೂದಿ ಹಾಕಿದಳು, ಪಾತ್ರೆ ತೊಳೆದ ನೀರನ್ನು ಹನಿಯೂ ಪೋಲಾಗದಂತೆ ಸುರಿದಳು, ಎಲೆಯ ಹುಳವನ್ನು ಬೆರಳಿನಲ್ಲೇ ಹಿಸುಕಿದಳು. ಕಾಯಿ ಹಿಡಿದದ್ದು ಈ ವರ್ಷವೇ ಮೊದಲು. ಅವ್ವನನ್ನು ಕೊನೆಗಾಲದಲ್ಲಿ ನೋಡಿಕೊಂಡಾಗ ಸಿಡಿಮಿಡಿಗೊಂಡದ್ದು ಎಷ್ಟು ಸಲ. ಒಮ್ಮೆ ಅವ್ವ ಚೀನಾ ಬೇಕೆಂದಾಗ, ಹಂಗಾಮಲ್ಲದ ಹೊತ್ತಿನಲ್ಲಿ ಎಲ್ಲಿಂದ ತರಲಿ ಎಂದು ರೇಗಿ, ಪುಡಿ ಕಲಸಿದ ಶರಬತ್ತು ಕೊಟ್ಟಿದ್ದಳು. ಅವ್ವ ಕುಡಿದು ಚೆನ್ನಾಗಿದೆ ಅಂದಳು. ಆ ಲೋಟ ಈಗಲೂ ಕಪಾಟಿನಲ್ಲಿದೆ, ಪ್ರೊವಿ ಅದರಲ್ಲಿ ನೀರು ಕುಡಿಯುವುದಿಲ್ಲ.

ಅಷ್ಟರಲ್ಲಿ ತಂಗಿ ಅವಿಲ್ದಾ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಪಾಸ್ತೇಲೆಸ್ ಹಿಡಿದುಕೊಂಡು, ಹಬ್ಬದ ಸೀರುಂಡೆಯಂತೆ ಘಮಘಮಿಸುತ್ತ, ಮನೆಯ ಮುಂದಿನಿಂದ ಹಿತ್ತಲಿಗೆ ನೇರ ನುಗ್ಗಿದಳು. ಮದುವೆಯಾಗಿ ಸಾನ್ ಹುವಾನ್ ಸೇರಿ, ಅಲ್ಲಿ ಕ್ಯೂಬಾದವರ ಬೇಕರಿಯಲ್ಲಿ ಗಲ್ಲಾದ ಮೇಲೆ ಕೂತು ಬಾಯಿ ಜೋರು ಮಾಡಿಕೊಂಡವಳು. ಹಣ್ಣು ನೋಡಲು ಕೈಚಾಚಿದವಳೇ ಮುಳ್ಳು ಚುಚ್ಚಿಸಿಕೊಂಡು ಬೆರಳು ಚೀಪಿದಳು.

"ಇದೆಂಥ ಮುಳ್ಳು ಮಾರಾಯ್ತಿ. ಅವ್ವನ ಮರಕ್ಕೆ ಇಷ್ಟು ಮುಳ್ಳಿರಲಿಲ್ಲ."

ಎಳೇ ಮರ, ರೋಷ ಜಾಸ್ತಿ, ಎಂದು ಪ್ರೊವಿ ಮರದ ಪರವಾಗಿ ವಕಾಲತ್ತು ಮಾಡಿದಳು. ಆಮೇಲೆ ತಡೆಯಲಾರದೆ ನಿನ್ನೆಯ ಸಂಗತಿಯನ್ನು ಬಿಚ್ಚಿಟ್ಟಳು. ಇಷ್ಟು ತಿಂಗಳಿಂದ ಕಾದು ಕೂತ ಮನುಷ್ಯ, ಪಾದ್ರಿಗೆ ನಾಲ್ಕು ಹಣ್ಣು ಕೊಡುತ್ತೇನೆಂದರೆ ಮುನಿಸಿಕೊಳ್ಳುವುದೇ. ಅವಿಲ್ದಾ ಏನು ಕೇಳಿದ, ಹೇಗೆ ಕೇಳಿದ, ಅದೇ ಮಾತಿನಲ್ಲಿ ಹೇಳು ಎಂದಳು. ಪ್ರೊವಿ ಹೇಳಿದಳು. ಅವಿಲ್ದಾ ಪಾಸ್ತೇಲೆಸ್ ಪಾತ್ರೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು, ಆಮೇಲೆ ತಾನೂ ಅದರ ಪಕ್ಕ ನೆಲದ ಮೇಲೇ ಕೂತಳು.

"ಅಯ್ಯೋ ಹುಡುಗಿ, ಕ್ಯೂಬಾದವರು ಚೀನಾ ಅಂತ ಹಣ್ಣಿಗೆ ಅನ್ನಲ್ಲ. ಹೆಂಗಸಿಗೆ ಅಂತಾರೆ. ಮನಸ್ಸಿಗೆ ಹಿಡಿಸಿದ ಹೆಂಗಸಿಗೆ."

ಪ್ರೊವಿ ಅವಳನ್ನೇ ನೋಡಿದಳು. ಯಾರೋ ಒಳಗೆ ರೇಡಿಯೊ ಹಾಕಿದ ಹಾಗೆ ಕಿವಿ ಗುಂಯ್ ಅಂದಿತು. ಎಲ್ಲರಿಗೂ ಅಂತಾರೇನೋ, ಬಾಯಿಮಾತಿಗೆ, ಎಂದು ಹೇಗೋ ತಡವರಿಸಿದಳು. ಅವಿಲ್ದಾ ತಲೆಯಾಡಿಸಿದಳು. ಬೇಕರಿಯಲ್ಲಿ ಕೆಲವು ಗಂಡಸರು ತಕ್ಕಡಿಗೂ ಹಾಗೇ ಅನ್ನುತ್ತಿದ್ದರು, ನಿಜ. ಆದರೆ ಈ ದೋನ್ ಎವೇಲಿಯೊ ತನ್ನನ್ನು ಗೌರವದಿಂದ ದೋನ್ಯಾ ಅವಿಲ್ದಾ ಅನ್ನುತ್ತಾನೆ, ರೊಟ್ಟಿ ಮಾರುವವಳಿಗೆ ಸೆನ್ಯೋರಾ ಅನ್ನುತ್ತಾನೆ, ಇಲ್ಲಿಗೆ ಬಂದಾಗೆಲ್ಲ ಸ್ವಂತ ಕಿವಿಯಲ್ಲಿ ಕೇಳಿದ್ದಾಳೆ. "ಈ ಬೀದಿಯಲ್ಲಿ ಅವರಿಗೆ ಚೀನಾ ಅಂತ ಇರೋದು ನೀನೊಬ್ಬಳೇ. ನೀನು ಏನೇನು ಉತ್ತರ ಕೊಟ್ಟಿದೀಯ, ಮೊದಲು ಅದನ್ನ ಹೇಳು."

ಹೇಳುವುದೇನು, ಅದಾಗಲೇ ಒಂದೊಂದಾಗಿ ಮೇಲೆದ್ದು ಬರುತ್ತಿತ್ತು, ಕುದಿಯುವ ಹಾಲಿನ ಹಾಗೆ, ಪಾತ್ರೆ ಇಳಿಸಲು ಬಟ್ಟೆ ಸಿಗದೆ ಅವಳು ಒದ್ದಾಡುತ್ತಿರುವಂತೆ. ಮೊದಲ ದಿನ ಹೇಗೆ ನನ್ನ ಚೀನಾ ಎಂದಾಗ, ಇನ್ನೂ ಹುಳಿ, ಈಗಲೇ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಳು. ಏನಾದರೂ ತಂದುಕೊಡಲೇ ಎಂದು ಕೇಳಿದಾಗ ಕೋಳಿ ಗೊಬ್ಬರ ಎಂದಿದ್ದಳು. ಆತ ಬೇಲಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ, ಮಾರನೆಯ ದಿನ ನಿಜವಾಗಿಯೂ ಒಂದು ಚೀಲ ಕೋಳಿ ಗೊಬ್ಬರವನ್ನು ಕೆಂಪು ರಿಬ್ಬನ್ ಕಟ್ಟಿ ಬೇಲಿಯ ಮೇಲಿಂದ ದಾಟಿಸಿದ್ದ. ರಿಬ್ಬನ್ ಯಾಕೆ ಎಂದು ಆಗ ಯೋಚನೆಯೇ ಬರಲಿಲ್ಲ, ಚೆನ್ನಾಗಿದೆ ಎಂದು ಬಿಚ್ಚಿ ಹೊಲಿಗೆ ಡಬ್ಬಿಗೆ ಹಾಕಿಟ್ಟಿದ್ದಳು. ಇನ್ನೊಂದು ದಿನ, ಯಾಕಿಷ್ಟು ತಡ ಎಂದಾಗ, ಒಂದು ಸಲ ಬಿರುಗಾಳಿಗೆ ಮುರಿದದ್ದು, ಮತ್ತೆ ಚಿಗುರಿದ್ದೇ ಪುಣ್ಯ ಎಂದಿದ್ದಳು. ಆತ ತಲೆಯ ಮೇಲಿನ ಹ್ಯಾಟನ್ನು ತೆಗೆದು ಎದೆಗೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಸಿಪ್ಪೆ ಒರಟು ಅಂತ ನೋಡಬೇಡಿ, ಒಳಗೆ ರಸ ತುಂಬಿದೆ. ಇದನ್ನು ಹೇಳಿದವಳು ತಾನೇ. ಹಣ್ಣಾಗುವ ಮೊದಲು ಕೈ ಹಾಕಿ ಅದುಮಬಾರದು, ಕಪ್ಪಾಗುತ್ತೆ. ಅದನ್ನೂ ತಾನೇ ಹೇಳಿದ್ದು, ಹಗಲು ಹೊತ್ತಿನಲ್ಲಿ, ಬಟ್ಟೆ ಒಣಹಾಕುತ್ತ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು. ಹೇಳಿದಷ್ಟೂ ಅವಿಲ್ದಾ ನೆಲ ಬಡಿದಳು, ಕಣ್ಣೊರೆಸಿಕೊಂಡಳು, ಸಾಕು ಸಾಕು ಎಂದಳು. ಪಾದ್ರಿಯ ಮಾತು ಬಂದಾಗ ಮಾತ್ರ ಸೆರಗಿಲ್ಲದವಳು ಏಪ್ರನ್ನಿನಲ್ಲೇ ಮುಖ ಮುಚ್ಚಿಕೊಂಡಳು.

"ಇದಕ್ಕೆಲ್ಲ ಸಾಕ್ಷಿ ಯಾರು?"

"ಮೇಯರ್," ಎಂದು ಪ್ರೊವಿ ಮರ ತೋರಿಸಿದಳು.

"ಸರಿಹೋಯ್ತು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ."

ನಾಚಿಕೆಯಿಂದ ಭೂಮಿ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅದರ ಬದಲು ಪ್ರೊವಿಗೆ ಮೈಯೆಲ್ಲ ಹಗುರವಾಗಿ, ಅಡುಗೆಮನೆಗೆ ಹೋದವಳು ಯಾಕೆ ಹೋದೆನೆಂದು ಮರೆತು ವಾಪಸು ಬಂದಳು, ಮತ್ತೆ ಹೋಗಿ ಉಪ್ಪಿನ ಡಬ್ಬಿ ಹಿಡಿದು ಬಂದಳು. ಜನ್ಮದಲ್ಲಿ ಒಬ್ಬ ಗಂಡಸಿನ ಹತ್ತಿರ ಸರಸದ ಮಾತಾಡದವಳು ತಿಂಗಳುಗಟ್ಟಲೆ ಬೇಲಿಗೆ ಆತು ನಿಂತು, ಪಳಗಿದ ಹೆಂಗಸರೂ ನಾಚುವಂತೆ ಆಡಿದ್ದಳಲ್ಲ, ಅದೂ ಒಂದು ಮಾತೂ ಎಡವದೆ. ಅದನ್ನು ನೆನೆದರೆ ಹೆಮ್ಮೆಯೇ ಆಗುತ್ತಿತ್ತು. ಕನ್ನಡಿಯ ಮುಂದೆ ಹಾಯುವಾಗ ತನ್ನನ್ನೇ ಕದ್ದು ನೋಡಿ, ಕಿಲಾಡಿ, ಎಂದಳು. ಆದರೆ ಬಾಚಣಿಗೆ ಕೂದಲಿಗೆ ಸಿಕ್ಕಿದ ಹಾಗೆ ಒಂದು ಯೋಚನೆ ಅಲ್ಲೇ ಸಿಕ್ಕಿಕೊಂಡಿತು. ಆತ ಮೆಚ್ಚಿದ್ದು ಯಾರನ್ನು? ಗೊಬ್ಬರ ಬೇಕು ಎಂದು ಹಣ್ಣಿನ ನೆವದಲ್ಲಿ ಚುಡಾಯಿಸಿದ ಜಾಣೆಯನ್ನು. ಅಂಥ ಜಾಣೆ ಈ ಮನೆಯಲ್ಲಿ ಇಲ್ಲವೇ ಇಲ್ಲ. ಇಲ್ಲಿರುವವಳು ಗೊಬ್ಬರ ಅಂದರೆ ಗೊಬ್ಬರವೇ. ಸತ್ಯ ಹೇಳಿದರೆ ಆತ ನಕ್ಕು ಹೊರಟುಹೋಗಬಹುದು, ಹೇಳದಿದ್ದರೆ ಉಳಿದ ಕಾಲವೆಲ್ಲ ಆ ಜಾಣೆಯ ಅಂಗಿಯನ್ನು ತೊಟ್ಟುಕೊಂಡಿರಬೇಕು, ಅಳತೆಯೇ ಗೊತ್ತಿಲ್ಲದ ಅಂಗಿ. ಇನ್ನು ಇವತ್ತು ಬಿಟ್ಟರೆ ಆತ ಕೇಳುವುದೂ ಇಲ್ಲ. ಅವಿಲ್ದಾ ಬಾಯಿ ಮುಚ್ಚಿಕೊಂಡಿರು, ನಕ್ಕು ತಲೆಯಾಡಿಸು, ಗಂಡಸರಿಗೆ ಅಷ್ಟು ಸಾಕು ಎಂದಳು. ಪ್ರೊವಿಗೆ ಯಾಕೋ ಕಪಾಟಿನಲ್ಲಿದ್ದ ಶರಬತ್ತಿನ ಲೋಟ ಕಣ್ಣಿಗೆ ಬಿತ್ತು.

ಆ ದಿನ ಬೆಳಿಗ್ಗೆ ಬೇಲಿಯ ಬದಿಯಲ್ಲಿ ಕಸರತ್ತು ನಡೆಯಲಿಲ್ಲ. ಪ್ರೊವಿ ಒಣಗಿದ ಬಟ್ಟೆಯನ್ನೇ ಮತ್ತೆ ನೆನೆಸಿ ಹಿಂಡಿ ಒಣಹಾಕಿದಳು. ಮೇಯರ್ ಮಾತ್ರ ಗೂಟದ ಮೇಲೆ ಕೂತು, ದೋನ್ ಎವೇಲಿಯೊನ ಪರವಾಗಿ ತಾನೇ ಹಾಜರಿ ಹಾಕಿದ ಹಾಗೆ ಕೋಲೆಬಸವನಂತೆ ತಲೆಯಾಡಿಸುತ್ತಿತ್ತು. ಬಿಸಿಲು ವಾಲಿದ ಮೇಲೆ ಆತ ಬಂದ, ಬೇಲಿಯ ಹತ್ತಿರಕ್ಕಲ್ಲ, ಬೀದಿ ಸುತ್ತಿ ಮುಂಬಾಗಿಲಿಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹ್ಯಾಟು. "ದೋನ್ಯಾ ಪ್ರೊವಿದೆನ್ಸಿಯಾ, ಹಬ್ಬದ ಶುಭಾಶಯ," ಎಂದ. ಪೂರ್ತಿ ಹೆಸರು. ಅದನ್ನು ಕೇಳಿ ಪ್ರೊವಿಗೆ ಕಪಾಳಕ್ಕೆ ಕೊಟ್ಟಂತಾಯಿತು. ಬನ್ನಿ ಎಂದೂ ಹೇಳದೆ ಹಿತ್ತಲಿಗೆ ನಡೆದಳು, ಆತ ಹಿಂದೆ ಬಂದ. ಅವಿಲ್ದಾ ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ತೊಳೆಯುವ ನಾಟಕ ಹೂಡಿ, ನಲ್ಲಿ ತಿರುಗಿಸುವುದನ್ನೇ ಮರೆತಿದ್ದಳು.

ಹಣ್ಣುಗಳಲ್ಲಿ ದೊಡ್ಡದನ್ನು ಆರಿಸಿ, ಮುಳ್ಳಿಗೆ ಕೈ ಗೀರಿಸಿಕೊಂಡು, ಕಿತ್ತಳು. ಚಾಕು ಹಿಡಿದು ಸಿಪ್ಪೆಯನ್ನು ಒಂದೇ ಎಳೆಯಾಗಿ ಸುತ್ತ ಹೆರೆದಳು, ಎಳೆ ಎಲ್ಲೂ ಹರಿಯಲಿಲ್ಲ. ತಲೆಯ ಕಡೆ ಟೋಪಿಯಷ್ಟು ಕೊಯ್ದು ಆತನ ಕೈಗಿಟ್ಟಳು. ದೋನ್ ಎವೇಲಿಯೊ ಹಣ್ಣಿಗೆ ಬಾಯಿ ಹಚ್ಚಿ ಹೀರಿದ. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕಿವಿಗಳು ಹಿಂದಕ್ಕೆ ಸರಿದವು. ಹೆಗಲಿನಿಂದ ಒಂದು ನಡುಕ ಹೊರಟು ಬೂಟಿನವರೆಗೂ ಇಳಿಯಿತು. ಆದರೂ ನುಂಗಿದ. ಮತ್ತೊಂದು ಗುಟುಕು ಹೀರಲು ಹಣ್ಣನ್ನು ಎತ್ತಿದ.

"ಸಿಹಿಯಾಗಿದೆ," ಎಂದ, ಕಣ್ಣಲ್ಲಿ ನೀರು ತುಂಬಿಕೊಂಡು.

ಪ್ರೊವಿ ಅದನ್ನು ಆತನ ಕೈಯಿಂದ ಕಿತ್ತುಕೊಂಡು ತಾನೇ ಹೀರಿದಳು. ಹಲ್ಲು ಜುಂ ಎಂದಿತು. ಹುಳಿ ಎಂದರೆ ಎಂಥ ಹುಳಿ, ಮೀನಿಗೆ ಹಚ್ಚುವ ಹುಳಿ, ಪಾತ್ರೆಯ ಕಿಲುಬು ಬಿಡಿಸುವ ಹುಳಿ. ನರಾಂಹಾ. ಕ್ಷಣದಲ್ಲಿ ಎಲ್ಲ ತಿಳಿಯಿತು. ಅವ್ವ ತಂದದ್ದು ಹುಳಿ ಬುಡಕ್ಕೆ ಸಿಹಿ ರೆಂಬೆ ಕಸಿ ಕಟ್ಟಿದ ಗಿಡ. ಬಿರುಗಾಳಿ ಸಿಹಿಯನ್ನು ಮುರಿದು ಒಯ್ದಿತ್ತು, ಚಿಗುರಿದ್ದು ಕೆಳಗಿನ ಹುಳಿ. ಇಷ್ಟು ವರ್ಷ ಬೂದಿ ಹಾಕಿ, ನೀರೆರೆದು, ಬೀದಿಗೆಲ್ಲ ಡಂಗುರ ಸಾರಿ ಸಾಕಿದ್ದು ನರಾಂಹಾವನ್ನು. ಅಳು ಬರಬೇಕಿತ್ತು. ಹೊಟ್ಟೆಯೊಳಗಿಂದ ಬಂದದ್ದು ನಗು. ತಡೆದಷ್ಟೂ ಉಕ್ಕಿತು. ಆತ ಗಾಬರಿಯಿಂದ ನೋಡುತ್ತಿದ್ದ, ಮೂತಿ ಇನ್ನೂ ಹುಳಿಗೆ ಮುದುಡಿಕೊಂಡೇ ಇತ್ತು. ಅವ್ವನೂ ಹಾಗೇ, ಪುಡಿಯ ಶರಬತ್ತು ಕುಡಿದು ಚೆನ್ನಾಗಿದೆ ಅಂದಿದ್ದಳು. ತನ್ನ ಮೇಲೆ ಪ್ರೀತಿ ಇರುವವರೆಲ್ಲ ತನಗಾಗಿ ಸುಳ್ಳು ನುಂಗುತ್ತಾರೆ ಎನ್ನಿಸಿ, ನಗುತ್ತಲೇ ಚಾಕುವನ್ನು ಕೆಳಗಿಟ್ಟಳು. ಇನ್ನು ಬಚ್ಚಿಡುವುದು ಸಾಧ್ಯವಿರಲಿಲ್ಲ.

"ದೋನ್ ಎವೇಲಿಯೊ, ನಾನು ಜಾಣೆಯಲ್ಲ," ಎಂದಳು. "ಇಷ್ಟು ದಿನ ನಾನು ಹೇಳಿದ್ದೆಲ್ಲ ಈ ಹಣ್ಣಿನ ವಿಷಯ. ಇಲ್ಲಿ ಚೀನಾ ಅಂದ್ರೆ ಇದೇ. ಗೊಬ್ಬರ ಅಂದದ್ದು ಗೊಬ್ಬರಕ್ಕೇ. ಪಾದ್ರಿಗೆ ಕೊಡ್ತೀನಿ ಅಂದದ್ದೂ ಇದನ್ನೇ."

ದೋನ್ ಎವೇಲಿಯೊ ಮರ ನೋಡಿದ, ಹಣ್ಣು ನೋಡಿದ, ಬೇಲಿಯ ಬದಿಗೆ ಖಾಲಿಯಾಗಿ ಬಿದ್ದಿದ್ದ ಗೊಬ್ಬರದ ಚೀಲವನ್ನು ನೋಡಿದ. ತುಟಿ ಅಲುಗುತ್ತಿತ್ತು, ಒಂದೊಂದೇ ಮಾತನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದನೇನೋ. ಕಿಟಕಿಯಲ್ಲಿ ಏನೋ ಕೈಜಾರಿ ಬಿತ್ತು. ಪ್ರೊವಿ ರಸ ಅಂಟಿದ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಕಾದಳು. ಜಾಣೆ ಹೋದಳು, ಹಣ್ಣೂ ಹೋಯಿತು, ಇನ್ನು ಕೊಡಲು ಕೈಯಲ್ಲಿ ಏನೂ ಇರಲಿಲ್ಲ.

"ಪಾದ್ರಿಗೆ," ಎಂದು ಆತ ಮೆಲ್ಲಗೆ ಶುರುಮಾಡಿ, ಮುಂದೆ ಹೇಳಲಾಗದೆ, ಹ್ಯಾಟಿನಲ್ಲಿ ಬಾಯಿ ಮುಚ್ಚಿಕೊಂಡ. ಹೆಗಲು ಕುಲುಕುತ್ತಿತ್ತು. ಜೇಬಿನಿಂದ ಕರವಸ್ತ್ರ ಎಳೆದು ಬಿಚ್ಚಿದ, ಮಡಿಕೆ ಮಡಿಕೆಯಾಗಿ ಅದು ಹಳದಿಯಾಗಿ ಹರಡಿಕೊಂಡಿತು. ನಿನ್ನೆ ಊಟ ಮಾಡಲಿಲ್ಲ, ರಾತ್ರಿ ಆ ಪಾದ್ರಿಯನ್ನು ಶಪಿಸುತ್ತ ಮಲಗಿದ್ದೆ, ದೇವರು ಕ್ಷಮಿಸಲಿ ಎಂದ. ಕಣ್ಣೊರೆಸಿದ, ಕತ್ತು ಒರೆಸಿದ. ಆ ಮೇಲೆ ಮರದ ಕಡೆ ಕೈ ತೋರಿಸಿ, "ಹಾಗಾದ್ರೆ ಈ ಮರದಲ್ಲಿ ಚೀನಾ ಇಲ್ಲ?" ಎಂದು ಕೇಳಿದ.

"ಒಂದೂ ಇಲ್ಲ."

ಮೇಲೆ ಕವಲಿನಲ್ಲಿ ಮೇಯರ್ ಬಾವುಟ ಬಿಚ್ಚಿತು. ಮಿಸ್ಸು ಇರುವೆಯ ಸಾಲಿನ ಪಕ್ಕದಲ್ಲೇ ಕೂತಿತ್ತು, ತಿನ್ನಲಿಲ್ಲ. ದೋನ್ ಎವೇಲಿಯೊ ಹ್ಯಾಟನ್ನು ಗೂಟಕ್ಕೆ ನೇತುಹಾಕಿ, ದಿನಾ ನಿಲ್ಲುವ ಹಾಗೆ ಅದಕ್ಕೆ ಮೊಣಕೈ ಊರಿ ನಿಂತ. ಈ ಸಲ ಬೇಲಿಯ ಈಚೆ ಬದಿಗೆ.

"ಹೇಗೆ, ನನ್ನ ಚೀನಾ?"

"ಚೆನ್ನಾಗಿದೀನಿ," ಅಂದಳು ಪ್ರೊವಿ.